ಐದನೇ ಫೋಟೋ

ನಮ್ಮ ಮನೆಯ ವಿಮೆ ಕಾರ್ಡಿನಲ್ಲಿ ಐದು ಫೋಟೋ ಇರಬೇಕಿತ್ತು. ಇದ್ದದ್ದು ನಾಲ್ಕು: ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಐದನೆಯದು ನನ್ನ ಅಕ್ಕನದು. ಅದು ಬೀರುವಿನಲ್ಲಿ, ಕಾಗದಪತ್ರ ಇಡುವ ತಗಡಿನ ಡಬ್ಬಿಯ ತಳದಲ್ಲಿತ್ತು. ಅಲ್ಲಿ ಇಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವಾಗ ನಾನು ಬೇರೆಯವರ ಮೇಲೆಲ್ಲ ಸಿಟ್ಟು ಕಾರುತ್ತೇನೆ, ಓದುವವರು ನನ್ನನ್ನು ಪಾಪದವನು ಎಂದುಕೊಳ್ಳಬಾರದು.

ನಾನು ಓದಿದ್ದು ಏಳನೇ ಕ್ಲಾಸು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ನಾಲ್ಕಕ್ಕೇ ಬಿಟ್ಟಳು. ಅವ್ವ ಎಸ್ಟೇಟಿನ ಕೆಲಸಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೆ ಬಿಡಿಸಿದರು. ಕಾಫಿ ಒಣಗಿಸುವ ಕಣದಲ್ಲಿ ಇದ್ದಿಲಿನಿಂದ ಗೀಚಿ ನನಗೆ ಅಕ್ಷರ ಕಲಿಸಿದವಳು ಅವಳು. ನನ್ನ ಹೆಸರು ಬರೆಯಲು ಬಂದ ಮೇಲೆ ತನ್ನ ಹೆಸರನ್ನೂ ಬರೆಸಿದ್ದಳು. ಬರೆಯಬೇಕಾದ ದಿನ ನಾನು ಆ ಹೆಸರು ಬರೆಯಲಿಲ್ಲ.

ನಮ್ಮದು ಯಸಳೂರಿನಿಂದ ಮೂರು ಮೈಲಿ ಒಳಗೆ ಎರಡೂವರೆ ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಅಕ್ಕನನ್ನು ಕೆ. ಹೊಸಕೋಟೆ ಕಡೆಗೆ ಕೊಟ್ಟಿದ್ದರು. ಆರು ವರ್ಷವಾದರೂ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಅಕ್ಕ ಒಂದು ಟ್ರಂಕು ಹಿಡಿದುಕೊಂಡು ಬಸ್ಸಿಳಿದು ಬಂದಳು. ಆಗ ಅಪ್ಪ ಇದ್ದರು. ಟ್ರಂಕನ್ನು ಅವರೇ ಒಳಗೆ ತೆಗೆದುಕೊಂಡು ಹೋಗಿ ಇಟ್ಟರು. ಅಪ್ಪ ಹೋದರು, ಅವ್ವ ಹೋದಳು. ಅಕ್ಕ ನಮ್ಮ ಜೊತೆಯೇ ಉಳಿದಳು. ನಮ್ಮ ತೋಟದಲ್ಲೂ ದುಡಿಯುತ್ತಿದ್ದಳು, ಪಕ್ಕದ ಎಸ್ಟೇಟಿಗೂ ಹಣ್ಣು ಕೊಯ್ಯಲು ಹೋಗುತ್ತಿದ್ದಳು, ನನ್ನ ಮಕ್ಕಳ ತಲೆಯನ್ನೂ ಬಾಚುತ್ತಿದ್ದಳು.

ನಮ್ಮ ಕಡೆ ಒಂದು ಮಾತಿದೆ, ಈಗ ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಯಾರಾದರೂ ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ನಾನು ಹೇಳುತ್ತಿದ್ದೆ: "ನಾಲ್ಕು ಜನ. ಅಕ್ಕ ಒಬ್ಳು ಬಂದವ್ಳೆ." ಎಂಟು ವರ್ಷ ಹೀಗೇ ಹೇಳಿದೆ. ನಿನ್ನೆ ಹಬ್ಬಕ್ಕೆ ಬಂದವಳು ನಾಳೆ ಹೋಗುತ್ತಾಳೆ ಎನ್ನುವ ಹಾಗೆ. ಕೊಟ್ಟ ಹೆಣ್ಣು ತಿರುಗಿ ಬಂದರೆ ಅವಳಿಗೆ ಅನ್ನ ಹಾಕುತ್ತೇವೆ, ಎಣಿಕೆಗೆ ಹಿಡಿಯುವುದಿಲ್ಲ. ರೇಷನ್ ಕಾರ್ಡಿನಲ್ಲೂ ಅವಳ ಹೆಸರು ಇರಲಿಲ್ಲ. ಇರಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ನಮ್ಮ ಸಹಕಾರಿ ಸೊಸೈಟಿಗೆ ರೈತರ ಆರೋಗ್ಯ ವಿಮೆ ಬಂತು. ಮನೆಯ ಒಬ್ಬೊಬ್ಬರ ಹೆಸರಿಗೂ ಇಷ್ಟು ಎಂದು ಕಟ್ಟಿ, ಫೋಟೋ ಅಂಟಿಸಿ ಕೊಟ್ಟರೆ ವರ್ಷಕ್ಕೊಂದು ಕಾರ್ಡು. ದೊಡ್ಡ ಆಪರೇಷನ್ ಬಂದರೆ ಆಸ್ಪತ್ರೆಯವರು ನಮ್ಮನ್ನು ಕೇಳುವುದಿಲ್ಲ, ವಿಮೆಯವರನ್ನು ಕೇಳುತ್ತಾರೆ. ಅಕ್ಕ ತನ್ನ ಪಾಲಿನ ದುಡ್ಡನ್ನು ತಾನೇ ನನ್ನ ಕೈಗೆ ಕೊಟ್ಟಳು. ನನ್ನ ಹೆಂಡತಿಯ ಒಳ್ಳೆ ಸೀರೆ ಉಟ್ಟು ಸಕಲೇಶಪುರಕ್ಕೆ ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಬಂದಳು. "ಸ್ಟುಡಿಯೋದೋನು ನಗ್ಬೇಡಿ ಅಂದ ಕಣೋ. ಅದ್ಕೆ ಕಳ್ಳಿ ಥರ ಬಂದಿದೀನಿ," ಎಂದು ತೋರಿಸಿದಳು. ಮಕ್ಕಳು ನಕ್ಕರು, ನಾನೂ ನಕ್ಕೆ.

ಐದು ಫೋಟೋ ಜೇಬಿನಲ್ಲಿಟ್ಟುಕೊಂಡೇ ಸೊಸೈಟಿಗೆ ಹೋದೆ. ಜಗಲಿಯಲ್ಲಿ ಚಿಕ್ಕಪ್ಪ ಸಿಕ್ಕಿದ. ಅಪ್ಪನ ತಮ್ಮ, ಪಕ್ಕದ ತೋಟ ಅವನದು. ನಮ್ಮಿಬ್ಬರ ಜಮೀನಿನ ಖಾತೆ ಆಗಿನ್ನೂ ಒಟ್ಟಿಗೇ ಇತ್ತು.

"ಯಾರ್ಯಾರ ಹೆಸ್ರು ಬರಿತಿದೀಯ?"

"ಎಲ್ಲರದೂ."

"ಎಲ್ಲರದೂ ಅಂದ್ರೆ?"

"ಅಕ್ಕಂದೂ."

ಅವನು ಎಲೆಯಡಿಕೆ ಉಗಿದು ಬಂದು ಪಕ್ಕ ಕುಳಿತ. "ಓದಿರೋನು ಕಣೋ ಮಗ ನೀನು, ಅಷ್ಟೂ ಗೊತ್ತಾಗಲ್ವಾ. ಹೆಣ್ಮಕ್ಕಳಿಗೂ ಪಾಲು ಅಂತ ರೇಡಿಯೋದಾಗೆ ಬಡ್ಕೊತಾವ್ರೆ. ಇವತ್ತು ಕಾರ್ಡ್‌ನಾಗೆ ಹೆಸ್ರು, ನಾಳೆ ಪಹಣೀಲಿ ಹೆಸ್ರು. ಅವಳ ಗಂಡ ಬದುಕವ್ನಲ್ಲ, ಅವನು ಮಾಡಿಸ್ಲಿ."

"ಅವನು ಮಾಡಿಸ್ತಾನಾ ಚಿಕ್ಕಪ್ಪ?"

"ಮಾಡಿಸ್ದಿದ್ರೆ ಅದು ಅವನ ಕರ್ಮ. ನಿನ್ ಮಕ್ಕಳ ಬಾಯಿಗೆ ನೀನ್ಯಾಕೆ ಮಣ್ಣು ಹಾಕ್ತೀಯ?"

ಇಷ್ಟೇ ಮಾತು. ಹೊಡೆಯಲಿಲ್ಲ, ಬಡಿಯಲಿಲ್ಲ, ಹೆದರಿಸಲಿಲ್ಲ. ಒಳಗೆ ಹೋಗಿ ಫಾರಂ ತೆಗೆದುಕೊಂಡು ನಾಲ್ಕು ಸಾಲು ಬರೆದೆ. ಐದನೇ ಸಾಲಿನಲ್ಲಿ ಅಡ್ಡಗೆರೆ ಎಳೆದೆ, ಅಕ್ಕ ಕೊಟ್ಟ ದುಡ್ಡು ಜೇಬಿನಲ್ಲೇ ಉಳಿಯಿತು. ಸೆಕ್ರೆಟರಿ ಕನ್ನಡಕ ಏರಿಸಿ ನೋಡಿ, "ಇಷ್ಟೇನಾ? ನಿಮ್ಮಕ್ಕ ಇಲ್ವಾ ಮನೇಲಿ?" ಎಂದರು.

"ಕೊಟ್ಟ ಹೆಣ್ಣು ಸಾರ್. ಬಂದು ಹೋಗಿ ಮಾಡ್ತಾಳೆ."

"ನಾನು ನೋಡ್ದಾಗೆಲ್ಲ ಇಲ್ಲೇ ಇರ್ತಾರಲ್ಲ. ಬರಿಯೋ ಹಂಗಿದ್ರೆ ಈಗ್ಲೇ ಬರೀರಿ. ಆಮೇಲೆ ಆಗಲ್ಲ."

"ಇಷ್ಟೇ ಸಾರ್," ಎಂದೆ.

ಕಾರ್ಡು ಬಂದ ದಿನ ಅಕ್ಕ ಕೇಳಿದಳು, "ನಂದೂ ಬಂತಾ?" ಹೂಂ ಎಂದೆ. ಅವಳು ತೋರಿಸು ಎನ್ನಲಿಲ್ಲ. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಆ ವರ್ಷದ ಕೊಯ್ಲಿನಲ್ಲಿ ಅವಳಿಗೆ ರಕ್ತ ಹೋಗಲು ಶುರುವಾಯಿತು. ಶುರುವಾದದ್ದು ಎಷ್ಟೋ ಹಿಂದೆ, ನಮಗೆ ಗೊತ್ತಾದದ್ದು ಆಗ. ಬೆಳಕು ಹರಿಯುವ ಮುಂಚೆ ಬಟ್ಟೆ ಒಗೆದು ಯಾರೂ ಹೋಗದ ಕಡೆ ಒಣಗಿಸುತ್ತಿದ್ದಳಂತೆ. ನನ್ನ ಹೆಂಡತಿ ನೋಡಿ ಕೇಳಿದ್ದಕ್ಕೆ, "ನಿನ್ನ ಗಂಡನಿಗೆ ಹೇಳ್ಬೇಡ, ಗಂಡಸ್ರಿಗೆ ಇದೆಲ್ಲ ಯಾಕೆ," ಎಂದಿದ್ದಳಂತೆ. ಒಂದು ದಿನ ಎಸ್ಟೇಟಿನಲ್ಲಿ ಹಣ್ಣಿನ ಕುಕ್ಕೆ ಸಮೇತ ಬಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಹಾಕಿಕೊಂಡು ಬಂದು ಇಳಿಸಿದ. ಮುಖ ಸುಣ್ಣದ ಹಾಗಾಗಿತ್ತು. ಆದರೂ ಚೆಲ್ಲಿದ ಹಣ್ಣನ್ನು ಯಾರು ಆರಿಸಿದರು ಎಂದು ಕೇಳುತ್ತಿದ್ದಳು.

ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ಗೆಡ್ಡೆ ಬೆಳೆದಿದೆ, ಗರ್ಭಕೋಶವನ್ನೇ ತೆಗೆಯಬೇಕು, ಹತ್ತು ದಿನಕ್ಕಿಂತ ಹೆಚ್ಚು ತಡಮಾಡಬೇಡಿ, ಮೈಯಲ್ಲಿ ರಕ್ತವೇ ಉಳಿದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅಕ್ಕ ಹೆದರಲಿಲ್ಲ.

"ನಮ್ಮ ಮನೆ ಕಾರ್ಡ್ ಐತೆ ಮೇಡಂ," ಎಂದಳು. "ಸೊಸೈಟೀದು. ನನ್ನ ತಮ್ಮ ಮಾಡಿಸವ್ನೆ."

"ಒಳ್ಳೇದಾಯ್ತು. ಅಡ್ಮಿಟ್ ಆಗೋ ಮುಂಚೆ ಕೌಂಟರ್‌ನಲ್ಲಿ ತೋರಿಸಿ. ಅವರ ಒಪ್ಪಿಗೆ ಬರಬೇಕು."

ಆ ಕ್ಷಣ ನಾನು ಹೇಳಬಹುದಿತ್ತು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹೇಳಬಹುದಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ, "ಹೆದ್ರಿಕೆ ಏನಿಲ್ಲ ಕಣವ್ವ, ಕಾರ್ಡ್ ಐತಲ್ಲ," ಎಂದು ಅಕ್ಕ ಹೇಳುತ್ತಿದ್ದಳು. ನಾನು ಕಿಟಕಿಯ ಆಚೆ ನೋಡುತ್ತ ಕುಳಿತಿದ್ದೆ.

ಆ ಐದಾರು ದಿನ ಮನೆಯಲ್ಲಿ ನಾನು ನಾಯಿಯಂತೆ ಎಲ್ಲರ ಮೇಲೆ ಎಗರಿದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದೆ. ಮಗ ಪೆನ್ಸಿಲ್ ಕಳೆದನೆಂದು ಹೊಡೆದೆ. ಕೆ. ಹೊಸಕೋಟೆಯ ಆ ಗಂಡನನ್ನು ಕೂತಲ್ಲಿ ನಿಂತಲ್ಲಿ ಬೈದೆ. "ನಿಮ್ಮ ತಮ್ಮನಿಗೆ ನಿಮ್ಮ ಮೇಲೆ ಎಷ್ಟು ಪ್ರಾಣ ನೋಡಿ ಅತ್ತಿಗೆ, ನಿದ್ದೇನೂ ಮಾಡ್ತಿಲ್ಲ," ಎಂದು ನನ್ನ ಹೆಂಡತಿ ಅಕ್ಕನಿಗೆ ಹೇಳಿದಳು. ಅವಳಿಗೂ ಕಾರ್ಡಿನ ವಿಷಯ ಗೊತ್ತಿರಲಿಲ್ಲ. ಆ ಮಾತು ಕೇಳಿ ನನಗೆ ಅವಳ ಮೇಲೂ ಸಿಟ್ಟು ಬಂತು.

ಅಡ್ಮಿಟ್ ಆಗುವ ಎರಡು ದಿನ ಮುಂಚೆ ಕೌಂಟರಿಗೆ ಹೋದೆವು. ಕುಳಿತಿದ್ದವಳು ಚಿಕ್ಕ ವಯಸ್ಸಿನ ಹುಡುಗಿ. ಕಾರ್ಡು ತೆಗೆದುಕೊಂಡು, "ಹೆಸರೇನಮ್ಮ?" ಎಂದಳು. ಅಕ್ಕ ಹೇಳಿದಳು. ಹುಡುಗಿ ಕಾರ್ಡು ನೋಡಿದಳು, ಅಕ್ಕನನ್ನು ನೋಡಿದಳು.

"ಈ ಹೆಸರು ಇದರಲ್ಲಿ ಇಲ್ವಲ್ಲ."

"ಸರಿಯಾಗಿ ನೋಡವ್ವ. ಹಿಂದ್ಗಡೆ ಇರ್ಬೇಕು."

ಹುಡುಗಿ ತಿರುಗಿಸಿ ನೋಡಿ, ಕಾರ್ಡನ್ನು ಅಕ್ಕನ ಕೈಗೇ ಕೊಟ್ಟಳು. ಅಕ್ಕ ಬೆರಳಿಟ್ಟು ಒಂದೊಂದೇ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ನನ್ನದು, ನನ್ನ ಹೆಂಡತಿಯದು, ಮಕ್ಕಳದು. ನಾಲ್ಕು ಮುಗಿದ ಮೇಲೂ ಬೆರಳು ಖಾಲಿ ಜಾಗದಲ್ಲಿ ಸ್ವಲ್ಪ ದೂರ ಹೋಯಿತು.

"ನಂದು ಎಲ್ಲೋ?"

"ಸೆಕ್ರೆಟ್ರಿ ಬಿಟ್‌ಬುಟ್ಟವ್ನೆ ಕಣಕ್ಕ," ಎಂದೆ.

ಸುಳ್ಳು ಹೇಳಿದವನು ಸುಮ್ಮನಿರಬೇಕು ತಾನೇ? ನಾನು ಕೌಂಟರಿನ ಮೇಲೆ ಕೈ ಬಡಿದು ಆ ಹುಡುಗಿಯ ಮೇಲೆ ಕೂಗಿದೆ. ರೈತರನ್ನು ಸುಲಿಯುವುದಕ್ಕೆ ಕೂತಿದ್ದೀರಿ, ದುಡ್ಡು ಕಟ್ಟುವಾಗ ಸಿಹಿಯಾಗಿ ಮಾತಾಡುತ್ತೀರಿ, ಇನ್ನೂ ಏನೇನೋ. ಸಾಲಿನಲ್ಲಿ ನಿಂತವರೆಲ್ಲ ನನ್ನ ಪರವೇ ತಲೆಯಾಡಿಸಿದರು. ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ನೆಟ್ಟಗಿತ್ತು. "ಸಾರ್, ನನ್ನ ಮೇಲೆ ಕೂಗಿದ್ರೆ ಹೆಸರು ಬರಲ್ಲ. ಸೊಸೈಟಿಯಿಂದ ಬರೆಸ್ಕೊಂಡು ಬನ್ನಿ."

ಅಕ್ಕ ನನ್ನ ಅಂಗಿ ಹಿಡಿದು ಎಳೆದಳು. "ಆ ಮಗಿನ ಮೇಲೆ ಯಾಕೋ ಕೂಗ್ತೀಯ. ಅದೇನ್ ಮಾಡ್ತದೆ."

ಮಾರನೇ ದಿನ ಸೊಸೈಟಿಗೆ ಹೋದೆ. ಏನು ಮಾಡಬೇಕೆಂದು ಹೋದೆನೋ ಈಗಲೂ ಗೊತ್ತಿಲ್ಲ. ಗೊಬ್ಬರಕ್ಕೆ ಬಂದ ಏಳೆಂಟು ಜನ ಅಲ್ಲಿದ್ದರು. ಅವರ ಮುಂದೆಯೇ ಸೆಕ್ರೆಟರಿಯನ್ನು ಹಿಡಿದುಕೊಂಡೆ. ನನ್ನ ಅಕ್ಕ ಸತ್ತರೆ ನೀವೇ ಕಾರಣ ಎಂದೆ. ಹಾಗೆ ಕೂಗುತ್ತಾ ಕೂಗುತ್ತಾ ಅದು ನಿಜವೇ ಎಂದು ನನಗೇ ಅನ್ನಿಸಲು ಶುರುವಾಗಿತ್ತು. ಅವರು ಎದ್ದು ಹೋಗಿ ಕಾಗದದ ಕಟ್ಟು ಬಿಚ್ಚಿ ನನ್ನ ಫಾರಂ ತಂದು ಮೇಜಿನ ಮೇಲೆ ಇಟ್ಟರು.

"ಇದು ಯಾರ ಕೈಬರಹ?"

ನನ್ನದೇ. ಐದನೇ ಸಾಲಿನ ಅಡ್ಡಗೆರೆಯೂ ನನ್ನದೇ, ಸ್ಕೂಲಿನಲ್ಲಿ ಹೇಳಿಕೊಟ್ಟ ಹಾಗೆ ನೆಟ್ಟಗೆ ಎಳೆದಿದ್ದೆ.

"ಎರಡ್ ಸಲ ಕೇಳ್ದೆ ಮಾರಾಯ ನಿನ್ನ," ಎಂದರು ಸೆಕ್ರೆಟರಿ. ಮುಂಚೆ ಯಾವತ್ತೂ ಅವರು ನನಗೆ ಏಕವಚನ ಆಡಿದವರಲ್ಲ. "ಬಂದು ಹೋಗಿ ಮಾಡ್ತಾಳೆ ಅಂದೆ."

ಗೊಬ್ಬರದ ಚೀಲದ ಮೇಲೆ ಕುಳಿತವನೊಬ್ಬ, "ಏನ್ ಧಣಿ, ಜೋರು ಇಳೀತಾ?" ಎಂದ. ಉಳಿದವರು ನಕ್ಕರು.

ವರ್ಷದ ನಡುವೆ ಹೆಸರು ಸೇರಿಸಲು ಬರುವುದಿಲ್ಲ, ಮುಂದಿನ ವರ್ಷವೇ ಎಂದು ಸೆಕ್ರೆಟರಿ ಹೇಳಿದರು. ನಾನು ತಪ್ಪಾಯಿತು ಎನ್ನಲಿಲ್ಲ. ಈಗ ಅವರು ತೀರಿಕೊಂಡಿದ್ದಾರೆ. ಇಲ್ಲಿ ಹೇಳುತ್ತಿದ್ದೇನೆ, ಯಾರಿಗೆ ಕೇಳಿಸುತ್ತದೋ.

ಮನೆಗೆ ಬಂದರೆ ಚಿಕ್ಕಪ್ಪ ಜಗಲಿಯ ಮೇಲೆ ಕುಳಿತಿದ್ದ. ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು, ನನ್ನ ಹೆಂಡತಿ ಬಾಗಿಲಲ್ಲಿ. ಚಿಕ್ಕಪ್ಪ ಆಗಲೇ ದಾರಿ ಹುಡುಕಿಟ್ಟಿದ್ದ.

"ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊತೀರ. ಬೇರೆ ಆಸ್ಪತ್ರೆಗೆ ಹೋಗಿ, ಇವಳ ಹೆಸ್ರಲ್ಲಿ ಸೇರಿಸ್‌ಬುಡಿ," ಎಂದು ನನ್ನ ಹೆಂಡತಿಯ ಕಡೆ ಕೈ ತೋರಿಸಿದ. "ಆ ಸಣ್ಣ ಫೋಟೋದಾಗೆ ಹೆಂಗಸ್ರೆಲ್ಲ ಒಂದೇ ಥರ ಕಾಣ್ತಾರೆ. ಯಾರು ನೋಡ್ತಾರೆ."

ನನ್ನ ಹೆಂಡತಿ ಒಳ್ಳೆ ಮನಸ್ಸಿನಿಂದಲೇ, "ನಂದೇನೂ ಇಲ್ಲ ಅತ್ತಿಗೆ, ನೀವು ಉಳಿದ್ರೆ ಸಾಕು," ಎಂದಳು.

ನಾನು ಬೇಡ ಎನ್ನಲಿಲ್ಲ. ಒಳಗೊಳಗೆ ಹಗುರವೂ ಆಯಿತು.

ಅಕ್ಕ ಕೇಳಿದಳು, "ಕೊಯ್ಯೋವಾಗ ನಾನು ಸತ್ರೆ?"

"ಬುಡ್ತು ಅನ್ನು. ಯಾಕ್ ಸಾಯ್ತೀಯ."

"ಸತ್ರೆ ಇವಳು ಸತ್ತಂಗೆ ಬರ್ಕೊತಾರೆ. ಗಂಡ ಮಕ್ಕಳು ಇರೋಳು, ಕಾಗದದಾಗೆ ಸಾಯ್ತಾಳೆ. ನಾನು ಸತ್ರೂ ಎಲ್ಲೂ ಸತ್ತಿರಲ್ಲ. ಬದುಕಿದ್ದಾಗ್ಲೂ ಹೆಸ್ರಿಲ್ಲ, ಸತ್ತಾಗ್ಲೂ ಹೆಸ್ರು ಬ್ಯಾಡ್ವಾ ಚಿಕ್ಕಪ್ಪ?" ಆಮೇಲೆ ನನ್ನ ಕಡೆ ತಿರುಗಿದಳು. "ಸೆಕ್ರೆಟ್ರಿ ಏನಂದ್ರು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಸುಳ್ಳು ಬಾಯಿಯವರೆಗೂ ಬಂದಿತ್ತು. ಸೊಸೈಟಿಯಲ್ಲಿ ಏಳೆಂಟು ಜನ ನೋಡಿದ್ದಾರೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನೆನಪಾಗಿ ನುಂಗಿಕೊಂಡೆ. ನಿಜ ಹೇಳಿದ್ದು ಒಳ್ಳೆಯತನದಿಂದಲ್ಲ.

"ನಾನೇ ಬರೀಲಿಲ್ಲ ಅಕ್ಕ. ಚಿಕ್ಕಪ್ಪ ಬ್ಯಾಡ ಅಂದ್ರು."

"ಚಿಕ್ಕಪ್ಪ ಅಂದ. ಪೆನ್ನು ಯಾರ ಕೈಲಿತ್ತು?"

ಚಿಕ್ಕಪ್ಪ ಎದ್ದು ನಿಂತು ಪಂಚೆ ಝಾಡಿಸಿದ. "ದೊಡ್ಡೋರ ಮುಂದೆ ಮನೆ ಹೆಣ್ಮಗಳು ಹಿಂಗಾ ಮಾತಾಡೋದು?"

"ಯಾವ ಮನೆ ಹೆಣ್ಮಗಳು ನಾನು? ಕಾರ್ಡ್ ನೋಡ್ಕೊಂಡು ಹೇಳಿ ಚಿಕ್ಕಪ್ಪ."

ಅವನು ಹೋದ. ಮೆಣಸನ್ನು ಮರದಲ್ಲಿ ಇರುವಾಗಲೇ ವ್ಯಾಪಾರಿಗೆ ಕೊಟ್ಟು, ಹೇಳಿದ ದಿನಕ್ಕೇ ಆಪರೇಷನ್ ಮಾಡಿಸುತ್ತೇನೆ ಎಂದು ನಾನು ಅಕ್ಕನ ಮುಂದೆ ಕುಳಿತು ಹೇಳಿದೆ. "ನಿನ್ನ ಮಕ್ಕಳ ಬಾಯಿಂದು ನಂಗೆ ಬ್ಯಾಡ," ಎಂದಳು. ಚಿಕ್ಕಪ್ಪ ಸೊಸೈಟಿ ಜಗಲಿಯಲ್ಲಿ ಆಡಿದ ಮಾತು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ಹಾಗೇ ಅಂದಳು. ದೊಡ್ಡಾಸ್ಪತ್ರೆಗೆ, ಸರ್ಕಾರದ್ದಕ್ಕೆ ಹೋಗುತ್ತೇನೆ ಎಂದಳು. ಅಲ್ಲಿ ಸರದಿ ಬರಲು ಒಂದು ತಿಂಗಳು ಹಿಡಿಯಿತು. ಹತ್ತು ದಿನಕ್ಕಿಂತ ತಡ ಬೇಡ ಎಂದದ್ದು ಒಂದು ತಿಂಗಳಾಯಿತು.

ಆ ತಿಂಗಳನ್ನು ನೆನೆದರೆ ಇವತ್ತಿಗೂ ಎದೆ ಉರಿಯುತ್ತದೆ. ಅಕ್ಕ ಮನೆಯ ಹಿಂದೆ ಮೂರು ಕಲ್ಲು ಇಟ್ಟು ತನ್ನ ಗಂಜಿ ತಾನೇ ಬೇಯಿಸಿಕೊಂಡಳು. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಕುಳಿತೇ ಒಲೆ ಊದುತ್ತಿದ್ದಳು. ನನ್ನ ಹೆಂಡತಿ ತಟ್ಟೆ ಹಿಡಿದು ಹೋದರೆ, "ಬಂದೋಳು ಬಂದೋಳ ಥರ ಇರ್ತೀನಿ, ನೀನು ಹೋಗವ್ವ," ಎಂದು ಕಳಿಸುತ್ತಿದ್ದಳು. ಮಕ್ಕಳು ಮಾತ್ರ ಅವಳ ಹತ್ತಿರ ಹೋಗಿ ಕುಳಿತು ಆ ಗಂಜಿಯನ್ನೇ ಉಣ್ಣುತ್ತಿದ್ದವು. ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ನಾನು ಒಂದು ದಿನ ಆ ಮೂರು ಕಲ್ಲನ್ನು ಒದ್ದು ಉರುಳಿಸಿದೆ. ನಾನು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಕಲ್ಲು ಮತ್ತೆ ಅದೇ ಜಾಗದಲ್ಲಿತ್ತು, ಮೇಲೆ ಗಡಿಗೆ ಇತ್ತು. ಆ ಕಲ್ಲು ಎತ್ತಿಡಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು.

ನನಗೆ ವಿಮೆಯವರ ಮೇಲೂ ಸಿಟ್ಟಿತ್ತು, ಈಗಲೂ ಇದೆ. ಒಂದು ಮನೆ ಎಂದರೆ ಏನು ಎಂದು ಅವರು ನನ್ನಂಥವನನ್ನು ಕೇಳಿ ಬರೆದುಕೊಂಡರು. ಒಲೆ ಉರಿಸುವವಳನ್ನು ಕೇಳಲಿಲ್ಲ. ಪೆನ್ನು ಹಿಡಿದ ಗಂಡಸು ಹೇಳಿದ್ದೇ ಲೆಕ್ಕ. ಗಂಡ ಹೊರಗೆ ಹಾಕಿದ, ನಾನು ಒಳಗೆ ಇಟ್ಟುಕೊಂಡೇ ಹೊರಗೆ ಹಾಕಿದೆ. ಇಬ್ಬರಲ್ಲಿ ಅವನೇ ವಾಸಿ. ಅವನು ಮುಖಕ್ಕೆ ಹೇಳಿ ಕಳಿಸಿದ್ದ.

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ರಕ್ತ ಏರಿಸಬೇಕಿತ್ತು. ನಾನು ಒಂದು ಬಾಟಲಿ ಕೊಟ್ಟೆ. ಅದನ್ನು ಇಲ್ಲಿ ಹೆಮ್ಮೆಗೆ ಬರೆಯುತ್ತಿಲ್ಲ. ಪಕ್ಕದ ಮಂಚದ ಹೆಂಗಸಿಗೆ ಗುರುತಿಲ್ಲದ ಒಬ್ಬ ಲಾರಿ ಡ್ರೈವರ್ ಕೂಡ ಕೊಟ್ಟಿದ್ದ.

ಒಳಗೆ ಕರೆದುಕೊಂಡು ಹೋಗುವ ಬೆಳಿಗ್ಗೆ ನರ್ಸಮ್ಮ ಒಂದು ಕಾಗದ ತಂದರು. ಹೆಚ್ಚುಕಡಿಮೆಯಾದರೆ ಆಸ್ಪತ್ರೆಯವರದು ಜವಾಬ್ದಾರಿಯಲ್ಲ ಎಂಬ ಒಪ್ಪಿಗೆ ಕಾಗದ.

"ಗಂಡ ಎಲ್ಲಿ? ಅವರು ಸೈನ್ ಹಾಕ್ಬೇಕು."

"ಗಂಡ ಇಲ್ಲ," ಎಂದಳು ಅಕ್ಕ. ಒಂದು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. "ತಮ್ಮ ಅವ್ನೆ. ಅವನಿಗೆ ಬರಿಯೋದು ಚೆನ್ನಾಗಿ ಬರ್ತದೆ. ಅವನ ಕೈಲೇ ಬರೆಸಿ."

ನರ್ಸಮ್ಮ ಪೆನ್ನು ಕೊಟ್ಟರು. ರೋಗಿಯ ಹೆಸರು ಎಂದು ಇದ್ದ ಕಡೆ ಅಕ್ಕನ ಹೆಸರು ಬರೆದೆ. ಕಣದಲ್ಲಿ ಇದ್ದಿಲು ಹಿಡಿದ ಮೇಲೆ ಆ ಹೆಸರನ್ನು ನಾನು ಬರೆದದ್ದು ಆವತ್ತೇ. ಒಂದು ಒತ್ತು ಕೆಳಗಿನ ಸಾಲಿಗೆ ಇಳಿಯಿತು. ಸಂಬಂಧ ಎಂದು ಇದ್ದ ಕಡೆ ತಮ್ಮ ಎಂದು ಬರೆದೆ. ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು ಬೆರಳಿಟ್ಟು ಪೂರ್ತಿ ಓದಿದಳು. ಓದಿ, ನರ್ಸಮ್ಮನಿಗೆ ಕೊಟ್ಟು, ತಾನೇ ಮಂಚದಿಂದ ಇಳಿದು ತಳ್ಳುಗಾಡಿಯ ಮೇಲೆ ಮಲಗಿದಳು.

ಅವಳು ಉಳಿದಳು. ಡಾಕ್ಟರರು ನನ್ನನ್ನು ಕರೆದು, ಇನ್ನೊಂದು ವಾರ ತಡವಾಗಿದ್ದರೆ ನಮ್ಮ ಕೈಲೂ ಆಗುತ್ತಿರಲಿಲ್ಲ ಎಂದರು. ಯಾಕೆ ಇಷ್ಟು ತಡಮಾಡಿದಿರಿ ಎಂದೂ ಕೇಳಿದರು. ಬಡತನ ಸಾರ್ ಎಂದೆ. ನೋಡಿ, ಅಲ್ಲೂ ಸುಳ್ಳೇ.

ಬಾಣಂತಿಯಂತೆ ಅವಳನ್ನು ನೋಡಿಕೊಂಡವಳು ನನ್ನ ಹೆಂಡತಿ. ಮೂರು ಕಲ್ಲಿನ ಒಲೆ ಮತ್ತೆ ಹತ್ತಲಿಲ್ಲ, ಅಕ್ಕ ಅಡುಗೆಮನೆಗೆ ತಿರುಗಿ ಬಂದಳು. ನನಗೆ ಬಡಿಸುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು. "ಕಣೋ" ಎನ್ನುವುದನ್ನು ಮಾತ್ರ ಬಿಟ್ಟಳು. ನೀರು ಬೇಕಾ, ಅನ್ನ ಬೇಕಾ, ಅಷ್ಟೇ.

ಮುಂದಿನ ವರ್ಷ ಮತ್ತೆ ಫಾರಂ ಬಂತು. ಯಾರನ್ನೂ ಕೇಳದೆ ಐದನೇ ಸಾಲಿನಲ್ಲಿ ಅಕ್ಕನ ಹೆಸರು ಬರೆದೆ. ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ ಬರೆದೆ. ಚಿಕ್ಕಪ್ಪ ಸೊಸೈಟಿ ಜಗಲಿಯಲ್ಲೇ ಕುಳಿತಿದ್ದ, ನೋಡಲಿ ಎಂದೇ ಫಾರಂ ಮಡಿಸದೆ ಹಿಡಿದುಕೊಂಡು ಒಳಗೆ ಹೋದೆ. ಸೆಕ್ರೆಟರಿ ಓದಿ ತಲೆ ಎತ್ತಿದರು.

"ನಿಮ್ಮಕ್ಕನ ಹೆಸರು ಆಗಲೇ ಬಂದಿದೆ. ಹೋದ ವಾರ ಮಹಿಳಾ ಸಂಘದ ಕಡೆಯಿಂದ ತಾವೇ ಬಂದು ದುಡ್ಡು ಕಟ್ಟಿದ್ದಾರೆ. ಬೇರೆ ಕಾರ್ಡು."

ಆ ಮುಂಚಿನ ವಾರ ಅಕ್ಕ ನನ್ನ ಹತ್ತಿರ ಬಂದು, "ನನ್ನ ಫೋಟೋ ಒಂದು ನಿನ್ನತ್ರ ಇರ್ಬೇಕಲ್ಲ, ಕೊಡು," ಎಂದಿದ್ದಳು. ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ. ಡಬ್ಬಿಯಿಂದ ತೆಗೆದುಕೊಟ್ಟೆ. ಅವಳು ಅದನ್ನು ತಿರುಗಿಸಿ ಹಿಂಭಾಗ ನೋಡಿದಳು. ಬಿಳಿಯಾಗಿತ್ತು, ಒಂದು ಸಲವೂ ಗೋಂದು ತಾಗಿರಲಿಲ್ಲ.

"ಒಂದು ಹೆಸರು ಎರಡು ಕಾರ್ಡಿನಲ್ಲಿ ಇರೋ ಹಂಗಿಲ್ಲ," ಎಂದು ಸೆಕ್ರೆಟರಿ ಫಾರಂ ನನ್ನ ಕಡೆ ತಳ್ಳಿದರು. "ಇದನ್ನ ಹೊಡೆದು ಹಾಕಿ, ಪಕ್ಕದಲ್ಲಿ ಸೈನ್ ಮಾಡಿ."

ನನ್ನ ಜೇಬಿನಲ್ಲಿ ಪೆನ್ನಿತ್ತು. ಆದರೂ ಅವರೇ ತಮ್ಮ ಪೆನ್ನು ಕೊಟ್ಟರು. ಹೊರಗೆ ಜಗಲಿಯಿಂದ ಚಿಕ್ಕಪ್ಪ ಕತ್ತು ಚಾಚಿ ನೋಡುತ್ತಿದ್ದ. ಐದನೇ ಸಾಲಿನ ಮೇಲೆ, ಅಷ್ಟು ದಪ್ಪ ಅಕ್ಷರದ ಆ ಹೆಸರಿನ ಮೇಲೆ, ನನ್ನ ಕೈಯಿಂದಲೇ ಇನ್ನೊಂದು ಅಡ್ಡಗೆರೆ ಎಳೆದೆ.